ಕೆಳಮುಖ ಒತ್ತಡದ ಲೆಕ್ಕ: ಆರ್ಚ್‌ಟಾಪ್ ಜಾಝ್ ಗಿಟಾರಿನ ಅಧ್ಯಯನ ಟಿಪ್ಪಣಿ

ಟಾಪು, ಅಂದರೆ ಮೇಲ್ಹಲಗೆ, ಚಪ್ಪಟೆಯಾಗಿರುವ ಸಾಧಾರಣ ಅಕೌಸ್ಟಿಕ್ ಗಿಟಾರಿನಲ್ಲಿ ತಂತಿಗಳನ್ನು ಹೊತ್ತ ಬ್ರಿಡ್ಜನ್ನು ಆ ಹಲಗೆಗೆ ಅಂಟಿಸಿರುತ್ತಾರೆ. ತಂತಿಗಳು ಅದನ್ನು ಮುಂದಕ್ಕೆ ಜಗ್ಗುತ್ತವೆ, ಹಲಗೆಯನ್ನು ತಿರುಚಲು ನೋಡುತ್ತವೆ. ಟಾಪು ಉಬ್ಬಿರುವ ಆರ್ಚ್‌ಟಾಪಿನ ಬ್ರಿಡ್ಜಿಗೆ ಅಂಟೂ ಇಲ್ಲ, ಸ್ಕ್ರೂವೂ ಇಲ್ಲ. ಪಿಟೀಲಿನ ಕುದುರೆಯ ಹಾಗೆ ಅದು ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ತಂತಿ ಬ್ರಿಡ್ಜನ್ನು ಹತ್ತಿ ಇಳಿದು, ಗಿಟಾರಿನ ತುದಿಗೆ ಬಿಗಿದ ಟೇಲ್‌ಪೀಸಿಗೆ ಸಿಕ್ಕಿಕೊಳ್ಳುತ್ತದೆ. ಅಂದರೆ ಇಲ್ಲಿ ಟಾಪನ್ನು ಯಾರೂ ಎಳೆಯುತ್ತಿಲ್ಲ, ಒತ್ತುತ್ತಿದ್ದಾರೆ. ಟಾಪು ಕಮಾನಿನಂತೆ ಉಬ್ಬಿರುವುದು, ದಪ್ಪ ತಂತಿ ಬೇಕಾಗುವುದು, ಸ್ವರ ಥಟ್ಟನೆ ಎದ್ದು ಬೇಗ ಆರುವುದು ಎಲ್ಲಕ್ಕೂ ಮೂಲ ಇದೇ. ಕೆಟ್ಟುಹೋಗುವ ಬಗೆಗಳಿಗೂ ಇದೇ ಮೂಲ. ಹಾಗಾಗಿ ಮೊದಲು ಈ ಒತ್ತಡ ಎಷ್ಟೆಂದು ನೋಡೋಣ.

ಲೆಕ್ಕ

12ರಿಂದ 52ರ ಸೆಟ್ಟನ್ನು (ಈ ಸಂಖ್ಯೆಗಳು ಮೊದಲ ಮತ್ತು ಆರನೇ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಸಾಮಾನ್ಯ ಶ್ರುತಿಗೆ ಏರಿಸಿದರೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು 70 ಕೆಜಿ. ಇದರಲ್ಲಿ ಟಾಪಿನ ಮೇಲೆ ಬೀಳುವ ಪಾಲು, ಬ್ರಿಡ್ಜಿನ ಮೇಲೆ ತಂತಿ ಎಷ್ಟು ಬಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಬಾಗು 12 ಡಿಗ್ರಿ ಇದ್ದರೆ ಕೆಳಮುಖ ಒತ್ತಡ 14ರಿಂದ 15 ಕೆಜಿ. ಅದೇ 16 ಡಿಗ್ರಿ ಆದರೆ 19 ಕೆಜಿ ದಾಟುತ್ತದೆ. ನಾಲ್ಕು ಡಿಗ್ರಿಯ ವ್ಯತ್ಯಾಸಕ್ಕೆ ಐದು ಕೆಜಿ! ಟೇಲ್‌ಪೀಸನ್ನು ಮೇಲೆತ್ತುವ, ತಗ್ಗಿಸುವ ಸ್ಕ್ರೂ ಕೆಲವು ಗಿಟಾರುಗಳಲ್ಲಿ ಇರುವುದು ಈ ಬಾಗನ್ನು ಬದಲಿಸಲೆಂದೇ. ಬಾಗು ಕಡಿಮೆಯಾದರೆ ನಾದ ತೆರೆದುಕೊಂಡು ಮೃದುವಾಗುತ್ತದೆ. ತೀರಾ ಕಡಿಮೆಯಾದರೆ ಜೋರಾಗಿ ಮೀಟಿದಾಗ ಬ್ರಿಡ್ಜ್ ಜಾರುತ್ತದೆ, ತಂತಿ ಗೂಡಿನಲ್ಲಿ ಝೇಂಕರಿಸುತ್ತದೆ. ಹೆಚ್ಚಾದರೆ ದನಿ ಚುರುಕಾಗುತ್ತದೆ, ಆದರೆ ಒಂದು ಹಂತದ ಮೇಲೆ ಟಾಪು ಉಸಿರುಗಟ್ಟಿದಂತೆ ಕೇಳುತ್ತದೆ.

ತಂತಿಯ ದಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅದೇ ಶ್ರುತಿಗೆ ಬೇಕಾದ ಎಳೆತ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮೊದಲ ತಂತಿಯನ್ನು 12ರಿಂದ 13ಕ್ಕೆ ಬದಲಿಸಿದರೆ ಅದರ ಎಳೆತ ಶೇ 17ರಷ್ಟು ಹೆಚ್ಚುತ್ತದೆ. "ಒಂದೇ ಒಂದು ನಂಬರ್ ಹೆಚ್ಚು ತಾನೆ" ಎಂದು ಹಳೆಯ ಗಿಟಾರಿಗೆ 13, 14ರ ಸೆಟ್ ಹಾಕುವವರು ಇದನ್ನು ನೆನಪಿಡಬೇಕು.

ಕೆತ್ತಿದ ಟಾಪು, ಒತ್ತಿ ಬಾಗಿಸಿದ ಟಾಪು

ಒಳ್ಳೆಯ ಆರ್ಚ್‌ಟಾಪಿನ ಟಾಪು ಸ್ಪ್ರೂಸ್ ಮರದ್ದು, ಬೆನ್ನು ಮತ್ತು ಪಕ್ಕೆಗಳು ಮೇಪಲ್. ಒಂದೇ ತುಂಡನ್ನು ಸೀಳಿ, ಪುಸ್ತಕ ತೆರೆದಂತೆ ಬಿಡಿಸಿ, ಎಳೆಗಳು ಎರಡೂ ಕಡೆ ಸರಿಹೊಂದುವಂತೆ ನಡುವೆ ಜೋಡಿಸುತ್ತಾರೆ. ಆಮೇಲೆ ಉಳಿ, ಪುಟ್ಟ ಉಜ್ಜುಗೊರಡುಗಳಿಂದ ಒಳಗೂ ಹೊರಗೂ ಕೆತ್ತುತ್ತಾರೆ. ಬ್ರಿಡ್ಜಿನ ಕೆಳಗೆ ಸುಮಾರು 6 ಮಿ.ಮೀ. ದಪ್ಪ, ಅಂಚಿನ ಬಳಿ 3 ಮಿ.ಮೀ. ಆಸುಪಾಸು. ಅಂಚಿಗೆ ಮುಟ್ಟುವ ಮುನ್ನ ಉಬ್ಬು ಇಳಿದು ಮತ್ತೆ ಸ್ವಲ್ಪ ಮೇಲೇಳುವ ತೆಳು ಕಣಿವೆಯೊಂದಿದೆ. ಟಾಪು ಒಟ್ಟಾಗಿ ಏರಿಳಿಯಲು ಬಾಗಿಲಿನ ತಿರುಗಣಿಯ ಹಾಗೆ ಕೆಲಸ ಮಾಡುವುದು ಈ ಕಣಿವೆ. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಗಿಟಾರನ್ನು ಓರೆಯಾಗಿ ಹಿಡಿದು ನೋಡಿ, ಕೆತ್ತಿದವರ ಕೈ ಅಲ್ಲಿ ಕಾಣುತ್ತದೆ. ನೋಡಲು ಕಲಿಯುವವರು ಮೇಪಲ್ಲಿನ ಹೊಳೆಯುವ ಪಟ್ಟೆಗಳಿಗೆ ಮರುಳಾಗುವುದಕ್ಕಿಂತ ಈ ಅಂಚಿನ ಮೇಲೆ ಹೆಚ್ಚು ಹೊತ್ತು ಕಣ್ಣಿಡುವುದು ಒಳ್ಳೆಯದು.

ಒಳಗೆ ಎರಡು ಉದ್ದನೆಯ ಪಟ್ಟಿಗಳಿರುತ್ತವೆ. ಅವು ಸಮಾನಾಂತರವಾಗಿದ್ದರೆ ದನಿ ಮುಂದಕ್ಕೆ ಚಿಮ್ಮುತ್ತದೆ, ದೊಡ್ಡ ಬ್ಯಾಂಡಿನ ನಡುವೆಯೂ ಕೇಳುತ್ತದೆ. ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ದಾಟಿದ್ದರೆ ನಾದ ದುಂಡಗೆ, ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಂಥದ್ದು.

ತೆಳು ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿ ಬಾಗಿಸಿದ ಟಾಪು ಬೇರೆಯೇ ವಸ್ತು. ಗಿಬ್ಸನ್ ಕಂಪನಿ 1949ರಲ್ಲಿ ತಂದ ಇಎಸ್-175 ಇದಕ್ಕೆ ಮುಖ್ಯ ಉದಾಹರಣೆ. ಅದನ್ನು "ಅಗ್ಗದ ದಾರಿ" ಎಂದು ತಳ್ಳಿಹಾಕುವುದು ತಪ್ಪು. ಟಾಪು ಕಡಿಮೆ ಕಂಪಿಸುವುದರಿಂದಲೇ ಅದು ಆಂಪ್ಲಿಫೈಯರ್ ಎದುರು ಕೂಗುವುದು (ಫೀಡ್‌ಬ್ಯಾಕ್) ಕಡಿಮೆ. ಜಾಝ್ ಗಿಟಾರ್ ವಾದಕರಾದ ಜೋ ಪಾಸ್, ಜಿಮ್ ಹಾಲ್ ಇಬ್ಬರೂ ಅದನ್ನೇ ನುಡಿಸಿದರು.

ಇತಿಹಾಸದಿಂದ ಬೇಕಾದಷ್ಟು

ಕಮಾನಿನಂತೆ ಕೆತ್ತುವ ಯೋಚನೆಯನ್ನು ಗಿಟಾರಿಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಮಿಷಿಗನ್ ರಾಜ್ಯದ ಕಲಮಝೂ ಊರಿನ ಆರ್ವಿಲ್ ಗಿಬ್ಸನ್. ಅವನ ಹೆಸರಿನ ಕಂಪನಿ ಶುರುವಾದದ್ದು 1902ರಲ್ಲಿ. ಅಲ್ಲಿ ಲಾಯ್ಡ್ ಲೋರ್ ಇದ್ದ ಕಾಲದಲ್ಲಿ, 1922ರ ಹೊತ್ತಿಗೆ, ಪಿಟೀಲಿನಂತೆ ಎಫ್ ಆಕಾರದ ರಂಧ್ರಗಳಿರುವ ಎಲ್-5 ಬಂತು. ಮೊದಲು 16 ಇಂಚು ಅಗಲ, 1930ರ ದಶಕದಲ್ಲಿ 17 ಇಂಚು. 1934ರ ಸೂಪರ್ 400 ಇನ್ನೂ ದೊಡ್ಡದು, 18 ಇಂಚು. ಹೆಸರಿನಲ್ಲಿರುವ 400 ಅದರ ಡಾಲರ್ ಬೆಲೆ. ಈ ಹಿಗ್ಗುವಿಕೆಗೆ ಕಾರಣ ಸರಳ: ಕಹಳೆಗಳ ಸಾಲಿನ ಎದುರು ತಾಳ ಹಿಡಿಯುವ ಗಿಟಾರ್ ಕೇಳಿಸಬೇಕಿತ್ತು. ಕೌಂಟ್ ಬೇಸಿ ವಾದ್ಯವೃಂದದಲ್ಲಿ 1937ರಿಂದ ದಶಕಗಳ ಕಾಲ ಫ್ರೆಡ್ಡಿ ಗ್ರೀನ್ ಮಾಡಿದ್ದು ಅದನ್ನೇ, ಆಂಪ್ಲಿಫೈಯರ್ ಇಲ್ಲದೆ, ಎತ್ತರದ ಆಕ್ಷನ್ನಿನಲ್ಲಿ (ಫ್ರೆಟ್ಟಿನಿಂದ ತಂತಿಗಿರುವ ಎತ್ತರವೇ ಆಕ್ಷನ್), ಮಾತ್ರೆಗೊಂದು ಏಟು.

ನ್ಯೂಯಾರ್ಕಿನ ಜಾನ್ ಡಿ'ಏಂಜೆಲಿಕೊ (1905–1964) ತನ್ನ ಅಂಗಡಿಯಲ್ಲಿ ಸಾವಿರದ ನೂರಕ್ಕೂ ಹೆಚ್ಚು ಗಿಟಾರುಗಳನ್ನು ಮಾಡಿದ. 17 ಇಂಚಿನ ಎಕ್ಸೆಲ್, 18 ಇಂಚಿನ ನ್ಯೂಯಾರ್ಕರ್ ಅವನ ಹೆಸರಾಂತ ಮಾದರಿಗಳು. ಅವನ ಕೈಕೆಳಗೆ ಕಲಿತ ಜಿಮ್ಮಿ ಡಿ'ಅಕ್ವಿಸ್ಟೊ (1935–1995) ಲೋಹದ ಟೇಲ್‌ಪೀಸಿನ ಜಾಗಕ್ಕೆ ಎಬೊನಿ ಎಂಬ ಗಟ್ಟಿ ಕರಿಮರವನ್ನು ತಂದು ವಾದ್ಯವನ್ನು ಹಗುರಗೊಳಿಸುವತ್ತ ನಡೆದ.

ಗಿಬ್ಸನ್ನಿನ 1936ರ ಇಎಸ್-150ರಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಇತ್ತು, ಚಾರ್ಲಿ ಕ್ರಿಶ್ಚಿಯನ್ ಅದನ್ನು ಒಂಟಿ ಸ್ವರಗಳ ವಾದ್ಯವಾಗಿಸಿದ. 1951ರ ಎಲ್-5 ಸಿಇಎಸ್ ಕೆತ್ತಿದ ಟಾಪನ್ನೇ ಕೊರೆದು ಎರಡು ಪಿಕಪ್ ಕೂರಿಸಿತು. ಹೆಬ್ಬೆರಳಿನಿಂದ ಮೀಟುತ್ತಿದ್ದ ಜಾಝ್ ವಾದಕ ವೆಸ್ ಮಾಂಟ್ಗೊಮರಿಯ ನಾದ ಈ ಮಾದರಿಯೊಂದಿಗೆ ಬೆಸೆದುಹೋಗಿದೆ.

ಇಲ್ಲಿ ಕೊಳ್ಳುವವರು ತೀರ್ಮಾನಿಸಬೇಕಾದದ್ದೊಂದಿದೆ. ಟಾಪಿಗೆ ಮುಟ್ಟದೆ ನೆಕ್‌ನ ತುದಿಗೋ ಪಿಕ್‌ಗಾರ್ಡಿಗೋ ಸಿಕ್ಕಿಸಿದ ತೇಲುವ ಪಿಕಪ್ ಇದ್ದರೆ ಅಕೌಸ್ಟಿಕ್ ನಾದ ಪೂರ್ತಿ ಉಳಿಯುತ್ತದೆ. ಟಾಪಿನೊಳಗೆ ಕೂತ ಪಿಕಪ್ಪಿನ ತೂಕ, ಕೊರೆತ ಎರಡೂ ಆ ನಾದವನ್ನು ತಗ್ಗಿಸುತ್ತವೆ, ಬದಲಿಗೆ ವೇದಿಕೆಯ ಮೇಲೆ ನೆಮ್ಮದಿ ಕೊಡುತ್ತವೆ. ಮನೆಯಲ್ಲಿ, ಸಣ್ಣ ಕೋಣೆಯಲ್ಲಿ ನುಡಿಸುವವರಿಗೆ ತೇಲುವ ಪಿಕಪ್ಪೇ ಸರಿ ಎಂಬುದು ನಮ್ಮ ಅಭಿಪ್ರಾಯ. ಡ್ರಮ್ಸ್ ಪಕ್ಕದಲ್ಲಿ ನುಡಿಸುವವರಿಗೆ ಅದೇ ದಿನನಿತ್ಯದ ತಲೆನೋವು.

ತಂತಿಗಳು

ಮೂರನೇ ತಂತಿ ಮೇಲೆ ಲೋಹದ ಎಳೆ ಸುತ್ತಿದ್ದೇ ಆಗಿರಲಿ. ಇದು ಬರೀ ರುಚಿಯ ಮಾತಲ್ಲ. ಬ್ರಿಡ್ಜಿನ ಮೇಲ್ತುಂಡಾದ ಮರದ ಸ್ಯಾಡಲ್ಲಿನ ಮೇಲಿನ ಮೆಟ್ಟಿಲುಗಳನ್ನು ಸಾಮಾನ್ಯವಾಗಿ ಸುತ್ತಿದ ಮೂರನೇ ತಂತಿಗೆಂದೇ ಕೊರೆದಿರುತ್ತಾರೆ. ಅಲ್ಲಿ ಸುತ್ತಿಲ್ಲದ ತಂತಿ ಹಾಕಿದರೆ ಮೇಲಿನ ಫ್ರೆಟ್ಟುಗಳಲ್ಲಿ ಆ ಒಂದು ತಂತಿ ಮಾತ್ರ ಶ್ರುತಿ ಏರಿ ಕೇಳುತ್ತದೆ, ಬ್ರಿಡ್ಜನ್ನು ಎಷ್ಟು ಸರಿಸಿದರೂ ಉಳಿದ ಐದರ ಜೊತೆ ಹೊಂದುವುದಿಲ್ಲ.

ಪಟ್ಟಿಯಂಥ ತಂತಿ ಸುತ್ತಿದ ಫ್ಲ್ಯಾಟ್‌ವೌಂಡ್ ಬೆರಳಿನ ಗೀರು ಸದ್ದನ್ನು ಅಳಿಸುತ್ತದೆ, ಮಂದ್ರ ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಬಾಳುತ್ತದೆ. ಬರೀ ಅಕೌಸ್ಟಿಕ್ ನಾದ ಬೇಕಾದವರು ಕಂಚಿನ ಸುತ್ತು ಆರಿಸುತ್ತಾರೆ. ಆದರೆ ಮ್ಯಾಗ್ನೆಟಿಕ್ ಪಿಕಪ್ಪಿಗೆ ಕಂಚು ಕಾಣುವುದೇ ಇಲ್ಲ, ಒಳಗಿನ ಉಕ್ಕಿನ ತಿರುಳಷ್ಟೇ ಕಾಣುತ್ತದೆ. ಫಲ, ಮೊದಲೆರಡು ತಂತಿ ಕಿರುಚುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಎರಡೂ ಬೇಕೆಂದರೆ ನಿಕ್ಕಲ್ ಸುತ್ತು ನಡುವಿನ ದಾರಿ.

ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಬಿದ್ದು ಲ್ಯಾಕರ್ ಗೀರುತ್ತದೆ, ಟೇಲ್‌ಪೀಸ್ ಜೋತು ಟಾಪಿಗೆ ಬಡಿಯುತ್ತದೆ. ಬಿಚ್ಚಲೇಬೇಕಾದರೆ ಟೇಲ್‌ಪೀಸಿನ ಕೆಳಗೆ ಮಡಿಸಿದ ಬಟ್ಟೆ ಇಡಿ.

ಬ್ರಿಡ್ಜ್ ಕೂರಿಸುವುದು

ಹೆಚ್ಚಿನ ದೂರುಗಳ ಮೂಲ ಇಲ್ಲಿದೆ. ಬ್ರಿಡ್ಜಿನ ಪಾದ ಟಾಪಿನ ಉಬ್ಬಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ತೆಳು ಕಾಗದದ ಅಂಚನ್ನು ಪಾದದ ಸುತ್ತ ತೂರಿಸಿ ನೋಡಿ. ಎಲ್ಲಾದರೂ ಒಳಗೆ ಹೋದರೆ ಅಲ್ಲಿ ದನಿ ಸೋರುತ್ತಿದೆ. ಸರಿಪಡಿಸಲು, ಬ್ರಿಡ್ಜ್ ನಿಲ್ಲುವ ಜಾಗದಲ್ಲಿ ಸ್ಯಾಂಡ್‌ಪೇಪರನ್ನು ಒರಟು ಮುಖ ಮೇಲಾಗಿ ಹರಡಿ, ಅಂಚುಗಳನ್ನು ಮೃದು ಅಂಟಿನ ಟೇಪಿನಿಂದ ಹಿಡಿಸಿ. ಮೊದಲು 120, ಆಮೇಲೆ 220 ನಂಬರ್. ಪಾದವನ್ನು ತಂತಿಗಳ ದಿಕ್ಕಿನಲ್ಲಿ ಒಂದು ಸೆಂ.ಮೀ. ಅಳತೆಯಲ್ಲಿ ಹಿಂದೆ ಮುಂದೆ ಉಜ್ಜಿ. ತಂತಿ ಬಿಗಿದ ಮೇಲೆ ಪಾದಗಳು ಕೊಂಚ ಅಗಲುತ್ತವೆ, ಆದ್ದರಿಂದ ಉಜ್ಜುವಾಗ ನಡುವೆ ಬೆರಳಿನಿಂದ ಒತ್ತಿಯೇ ಉಜ್ಜಬೇಕು. ಪಾದ ಓಲಾಡಿದರೆ ತಳ ದುಂಡಗಾಗಿ ಕೆಲಸ ಕೆಡುತ್ತದೆ. ಉಜ್ಜುವುದು ಬ್ರಿಡ್ಜನ್ನು ಮಾತ್ರ, ಟಾಪನ್ನು ಎಂದಿಗೂ ಅಲ್ಲ.

ಜಾಗ ಗೊತ್ತುಮಾಡಲು ನಟ್‌ನಿಂದ (ನೆಕ್‌ನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ) 12ನೇ ಫ್ರೆಟ್‌ವರೆಗೆ ಅಳೆಯಿರಿ. 25½ ಇಂಚಿನ ಸ್ಕೇಲಿನಲ್ಲಿ (ಮಿಡಿಯುವ ತಂತಿಯ ಉದ್ದ) ಅದು ಸುಮಾರು 324 ಮಿ.ಮೀ. ಅಲ್ಲಿಂದ ಮತ್ತೆ ಅಷ್ಟೇ ದೂರಕ್ಕೆ, ಮೊದಲ ತಂತಿಗೆ ಇನ್ನೆರಡು ಮಿ.ಮೀ., ಆರನೆಯದಕ್ಕೆ ನಾಲ್ಕೈದು ಮಿ.ಮೀ. ಸೇರಿಸಿ ಬ್ರಿಡ್ಜ್ ನಿಲ್ಲಿಸಿ. ಬಳಿಕ ಕಿವಿ ಮತ್ತು ಟ್ಯೂನರ್: 12ನೇ ಫ್ರೆಟ್ಟಿನ ಮೇಲೆ ಮುಟ್ಟಿ ಹೊರಡಿಸಿದ ಹಾರ್ಮೋನಿಕ್ ಒಂದು, ಅಲ್ಲೇ ಒತ್ತಿ ನುಡಿಸಿದ ಸ್ವರ ಇನ್ನೊಂದು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಟೇಲ್‌ಪೀಸಿನ ಕಡೆಗೆ, ಇಳಿದಿದ್ದರೆ ನೆಕ್‌ನ ಕಡೆಗೆ ಸರಿಸಿ. ಮೊದಲ ಮತ್ತು ಆರನೇ ತಂತಿ ಸರಿಹೋದರೆ ನಡುವಿನವು ತಾವಾಗಿ ಹತ್ತಿರ ಬರುತ್ತವೆ. ಶ್ರುತಿ ಏರಿಸುವಾಗ ಸ್ಯಾಡಲ್ಲಿನ ತಲೆ ನಿಧಾನವಾಗಿ ಮುಂದಕ್ಕೆ ವಾಲುತ್ತದೆ. ಪ್ರತಿಸಲ ಪಕ್ಕದಿಂದ ನೋಡಿ ನೆಟ್ಟಗೆ ಮಾಡಿ. ಬ್ರಿಡ್ಜಿನ ಹಲ್ಲುಚಕ್ರ ತಿರುಗಿಸಿ ಎತ್ತರ ಏರಿಸುವಾಗ ತಂತಿ ಸಡಿಲಿಸದಿದ್ದರೆ ಸ್ಕ್ರೂವಿನ ಸುತ್ತುಗೆರೆಗಳು ಸವೆಯುತ್ತವೆ.

ಸ್ಯಾಡಲ್ ಮರದ್ದೋ ಲೋಹದ್ದೋ? ಪ್ರತಿ ತಂತಿಯನ್ನೂ ಬೇರೆಯಾಗಿ ಸರಿಹೊಂದಿಸುವ ಲೋಹದ ಸ್ಯಾಡಲ್ ಅನುಕೂಲ ನಿಜ. ಆದರೆ ಅದರ ತೂಕ ಕೆತ್ತಿದ ಟಾಪಿನ ಮೇಲೆ ಮ್ಯೂಟಿನ ಕೆಲಸ ಮಾಡುತ್ತದೆ. ತೇಲುವ ಪಿಕಪ್ಪಿನ ಗಿಟಾರಿಗೆ ಎಬೊನಿಯೇ ಇರಲಿ.

ಆಕ್ಷನ್ ಮತ್ತು ನೆಕ್

ಮೊದಲ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ನೆಕ್ ದೇಹಕ್ಕೆ ಸೇರುವಲ್ಲಿ ಆರನೇ ತಂತಿಯನ್ನು ಒತ್ತಿ ಹಿಡಿದು, 7ನೇ ಫ್ರೆಟ್ಟಿನ ಮೇಲಿನ ಸಂದನ್ನು ಅಳೆಯಿರಿ: 0.1ರಿಂದ 0.25 ಮಿ.ಮೀ. ಸಾಕು. ನೆಕ್‌ನ ಬಾಗನ್ನು ಸರಿಹೊಂದಿಸುವ ಒಳಗಿನ ಸರಳಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ತಿರುಗಿಸಲಾಗದ ಉಕ್ಕಿನ ಸರಳಿರುವ ಹಳೆಯ ನೆಕ್‌ಗಳೂ ಇವೆ ಎಂಬುದು ನೆನಪಿರಲಿ. 12ನೇ ಫ್ರೆಟ್ಟಿನಲ್ಲಿ ಮೊದಲ ತಂತಿ 1.6, ಆರನೆಯದು 2.2 ಮಿ.ಮೀ. ಎತ್ತರವಿದ್ದರೆ ಪಿಕಪ್ಪಿನೊಂದಿಗೆ ಹಿತವಾಗಿರುತ್ತದೆ. ಅಕೌಸ್ಟಿಕ್ ಆಗಿ ಬಲವಾಗಿ ಮೀಟುವವರಿಗೆ ಇನ್ನರ್ಧ ಮಿ.ಮೀ. ಬೇಕು.

ಬ್ರಿಡ್ಜಿನ ಚಕ್ರಗಳು ಪೂರ್ತಿ ಕೆಳಗಿಳಿದೂ ಆಕ್ಷನ್ ಎತ್ತರವೇ ಇದ್ದರೆ ತೊಂದರೆ ನೆಕ್‌ನ ಕೋನದ್ದು. ನೆಕ್ ಬಿಚ್ಚಿ ಮತ್ತೆ ಕೂರಿಸಬೇಕು. ದುಬಾರಿ ಕೆಲಸ, ಕೊಳ್ಳುವ ಮೊದಲೇ ನೋಡಬೇಕಾದದ್ದು.

ಕಿರಿಕಿರಿ ಸದ್ದು ಹಿಡಿಯುವುದು

ಎಲ್ಲ ಝೇಂಕಾರವೂ ಫ್ರೆಟ್ಟಿನದಲ್ಲ. ಸದ್ದು ಬರುವ ಸ್ವರವನ್ನು ಪದೇಪದೇ ನುಡಿಸುತ್ತ ಜೊತೆಗಿರುವವರಿಂದ ಒಂದೊಂದೇ ಭಾಗವನ್ನು ಬೆರಳಿನಿಂದ ಒತ್ತಿಸಿ. ಮೊದಲು ಪಿಕ್‌ಗಾರ್ಡ್ ಮತ್ತು ಅದರ ಹಿಡಿಕೆ, ಆಮೇಲೆ ಬ್ರಿಡ್ಜ್ ಮತ್ತು ಟೇಲ್‌ಪೀಸಿನ ನಡುವಿನ ತಂತಿ, ನಂತರ ಟಾಪಿಗೆ ತಾಗುತ್ತಿರುವ ಪಿಕಪ್ಪಿನ ವೈರು, ಟ್ಯೂನಿಂಗ್ ಕೀಲಿಯ ನಟ್ಟುಗಳು, ಟೇಲ್‌ಪೀಸಿನ ಕೀಲು. ಬ್ರಿಡ್ಜಿನ ಹಿಂದಿನ ತಂತಿಗಳ ನಡುವೆ ಹೆಣೆದ ಒಂದು ತುಂಡು ಫೆಲ್ಟ್ ಅರ್ಧಕ್ಕರ್ಧ ದೂರುಗಳನ್ನು ಮುಗಿಸುತ್ತದೆ. ಇವೆಲ್ಲ ಮುಗಿದೂ ಸದ್ದು ಉಳಿದರೆ, ಬೆರಳ ಗೆಣ್ಣಿನಿಂದ ಟಾಪನ್ನು ಮೆಲ್ಲಗೆ ತಟ್ಟುತ್ತ ಹೋಗಿ. ಒಂದು ಕಡೆ ಟೊಳ್ಳು, ಒಡಕು ದನಿ ಬಂದರೆ ಒಳಗಿನ ಪಟ್ಟಿಯೋ ಅಂಚಿನ ಜೋಡಣೆಯೋ ಬಿಟ್ಟಿದೆ.

ಆಂಪ್ಲಿಫೈಯರ್ ಜೊತೆ ಕೂಗುವುದು ಸಾಮಾನ್ಯವಾಗಿ ಐದು, ಆರನೇ ತಂತಿಯ ಒಂದೆರಡು ಸ್ವರಗಳಲ್ಲಿ, ಒಳಗಿನ ಗಾಳಿಯೂ ಟಾಪೂ ಅನುರಣಿಸುವ ಜಾಗದಲ್ಲಿ. ಇಡೀ ಬೇಸ್ ತಗ್ಗಿಸಿದರೆ ನಾದ ಸಾಯುತ್ತದೆ. ಮೊದಲು ಆಂಪ್ಲಿಫೈಯರನ್ನು ಗಿಟಾರಿನ ಎದುರಿನಿಂದ ಪಕ್ಕಕ್ಕೆ ಸರಿಸಿ, ನೆಲದಿಂದ ಎತ್ತರಿಸಿ, ಆ ಒಂದು ಆವರ್ತನವನ್ನಷ್ಟೇ ನಾಚ್ ಫಿಲ್ಟರಿನಿಂದ ಕತ್ತರಿಸಿ. ಕೊನೆಯ ಉಪಾಯ, ಎಫ್ ರಂಧ್ರಗಳನ್ನು ಫೋಮ್ ತುಂಡಿನಿಂದ ಮುಚ್ಚುವುದು.

ತೇವ, ಲ್ಯಾಕರ್, ಸೆಲ್ಯುಲಾಯ್ಡ್

ಸಾಪೇಕ್ಷ ಆರ್ದ್ರತೆ ಶೇ 45ರಿಂದ 50 ಇರಲಿ. ಶೇ 40ಕ್ಕಿಂತ ಇಳಿದರೆ ಟಾಪು ತಗ್ಗುತ್ತದೆ, ಆಕ್ಷನ್ ಇಳಿಯುತ್ತದೆ, ಫ್ರೆಟ್ಟಿನ ತುದಿಗಳು ಬೆರಳಿಗೆ ಚುಚ್ಚುತ್ತವೆ, ಆಮೇಲೆ ಬಿರುಕು. ಶೇ 60 ದಾಟಿದರೆ ಮರ ಉಬ್ಬಿ ಆಕ್ಷನ್ ಏರುತ್ತದೆ. ದುಂಡು ರಂಧ್ರದಲ್ಲಿ ತೂಗುಬಿಡುವ ತೇವದ ಸಾಧನ ಇಲ್ಲಿ ಕೂರುವುದಿಲ್ಲ, ಪೆಟ್ಟಿಗೆಯೊಳಗೆ ಇಡುವಂಥದ್ದು ಬೇಕು.

ನೈಟ್ರೊಸೆಲ್ಯುಲೋಸ್ ಲ್ಯಾಕರ್ ಎರಡಕ್ಕೆ ಹೆದರುತ್ತದೆ. ಒಂದು, ಸ್ಟ್ಯಾಂಡಿನ ರಬ್ಬರ್ ಮತ್ತು ವಿನೈಲ್. ತಾಗಿದಲ್ಲಿ ಲ್ಯಾಕರ್ ಮೆತ್ತಗಾಗಿ ಕರಗುತ್ತದೆ, ಹತ್ತಿಬಟ್ಟೆ ಸುತ್ತಿ. ಇನ್ನೊಂದು, ಥಟ್ಟನೆ ಬದಲಾಗುವ ಉಷ್ಣತೆ. ಚಳಿಯಲ್ಲಿ ಪ್ರಯಾಣಿಸಿ ಬಂದ ಪೆಟ್ಟಿಗೆಯನ್ನು ಕೆಲವು ಗಂಟೆ ಮುಚ್ಚಿಯೇ ಬಿಡಿ, ಇಲ್ಲದಿದ್ದರೆ ಜೇಡರಬಲೆಯಂಥ ಸೀಳುಗಳೇಳುತ್ತವೆ.

ಹಳೆಯ ಗಿಟಾರುಗಳ ಪಿಕ್‌ಗಾರ್ಡ್, ಬೈಂಡಿಂಗ್ (ಅಂಚುಪಟ್ಟಿ) ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನವು. ಅದು ಕೊಳೆಯತೊಡಗಿದಾಗ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಟೇಲ್‌ಪೀಸಿನ ಚಿನ್ನದ ಲೇಪ, ತಂತಿ, ಪಿಕಪ್ಪಿನ ಹೊದಿಕೆ ಎಲ್ಲವನ್ನೂ ತಿನ್ನುತ್ತದೆ. ಪಿಕ್‌ಗಾರ್ಡಿನ ಹತ್ತಿರದ ಲೋಹ ಮಾತ್ರ ಹಸಿರುಗಟ್ಟಿದ್ದರೆ, ಹುಳಿ ವಾಸನೆ ಬಂದರೆ, ಅಂಚು ಪುಡಿಯಾಗುತ್ತಿದ್ದರೆ ತಡಮಾಡದೆ ಅದನ್ನು ಬಿಚ್ಚಿ ಬೇರೆಡೆ, ಗಾಳಿಯಾಡುವಲ್ಲಿ, ಬೆಂಕಿಯಿಂದ ದೂರ ಇಡಿ. ಎಸೆಯಬೇಡಿ, ಅಳತೆಗೂ ಮೌಲ್ಯಕ್ಕೂ ಅದು ಬೇಕು.

ಕೊಳ್ಳುವ ಮುನ್ನ

ಪುಟ್ಟ ಕನ್ನಡಿ, ಸಣ್ಣ ಟಾರ್ಚು ಒಯ್ಯಿರಿ. ಎಫ್ ರಂಧ್ರದೊಳಗೆ ಲೇಬಲ್, ಕ್ರಮಸಂಖ್ಯೆ, ಪಟ್ಟಿಗಳ ಅಂಟುಗೆರೆ, ಬಿರುಕಿಗೆ ಹಚ್ಚಿದ ಮರದ ತೇಪೆಗಳನ್ನು ನೋಡಿ. ಬ್ರಿಡ್ಜಿನ ಎರಡೂ ಬದಿಯಲ್ಲಿ ಉಬ್ಬು ಸಮವಾಗಿದೆಯೇ ಎಂದು ಉಕ್ಕಿನ ಅಳತೆಪಟ್ಟಿ ಅಡ್ಡವಿಟ್ಟು ಪರೀಕ್ಷಿಸಿ. ಒಂದು ಬದಿ ಕುಸಿದಿದ್ದರೆ ಅದರ ಕೆಳಗಿನ ಪಟ್ಟಿಯನ್ನು ಮೊದಲು ಅನುಮಾನಿಸಿ. ಫ್ರೆಟ್ ಬದಲಿಸಿದ್ದು ಹಳೆಯ ವಾದ್ಯದ ಬೆಲೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ, ಹೊಸ ಲ್ಯಾಕರ್ ಬಳಿದದ್ದು, ತೇಲುವ ಪಿಕಪ್ಪಿನ ಗಿಟಾರಿನ ಟಾಪನ್ನು ಆಮೇಲೆ ಕೊರೆದದ್ದು ಬಹಳ ತಗ್ಗಿಸುತ್ತದೆ. ಬೆರಳುಹಲಗೆ ಅಥವಾ ಬ್ರಿಡ್ಜ್ ಬ್ರೆಜಿಲಿಯನ್ ರೋಸ್‌ವುಡ್ ಆಗಿದ್ದರೆ ಗಡಿ ದಾಟಿಸುವ ಮುನ್ನ ಕಾಗದಪತ್ರ ಬೇಕು: ಆ ಮರ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಮತ್ತು 2019ರಲ್ಲಿ ಇತರ ರೋಸ್‌ವುಡ್‌ಗಳ ಸಿದ್ಧ ವಾದ್ಯಗಳಿಗೆ ಸಿಕ್ಕ ವಿನಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ.