ಮಲೆನಾಡಿನ ಚಳಿಗೆ ಬಿಸಿ ಕೋಣೆಯ ಯೋಗ

ಆಷಾಢದ ಜಡಿಮಳೆ ಹಿಡಿದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆ ಬೆಳಿಗ್ಗೆ ಎದ್ದರೆ ಮೈಯೆಲ್ಲ ಹಿಡಿದುಕೊಂಡಿರುತ್ತದೆ. ಸೊಂಟ ಬಗ್ಗುವುದಿಲ್ಲ. ಬೇಸಿಗೆಯಲ್ಲಿ ಪಾದಹಸ್ತಾಸನಕ್ಕೆ ನೆಲ ಮುಟ್ಟುತ್ತಿದ್ದ ಬೆರಳು ಈಗ ಮೀನಖಂಡದ ಹತ್ತಿರವೇ ನಿಂತುಬಿಡುತ್ತದೆ. ಇಂಥ ಊರುಗಳಲ್ಲಿ, ಬಿಸಿ ಮಾಡಿದ ಕೋಣೆಯಲ್ಲಿ ಆಸನ ಹಾಕುವ ಹಾಟ್ ಯೋಗ ಜನರಿಗೆ ಹಿಡಿಸುವುದು ಸಹಜವೇ. ಆದರೆ ಬೆವರು ಹರಿದಷ್ಟೂ ಲಾಭ ಎಂದುಕೊಂಡು ಶಾಖ ಏರಿಸುತ್ತಾ ಹೋಗುವವರು ಬಹಳ. ಲಾಭದ ಹೆಚ್ಚಿನ ಪಾಲು ಬರುವುದು ವಾರ ತಪ್ಪದೆ ಮಾಡುವ ಆಸನಗಳಿಂದ. ಶಾಖ ಅದಕ್ಕೊಂದು ಒತ್ತಾಸೆ. ಈ ಅಳತೆ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ಸರಿಯಾಗಿ ಕೂರುತ್ತದೆ.

ಹಾಟ್ ಯೋಗ ಎಂದರೆ ಸಾಮಾನ್ಯವಾಗಿ ನೆನಪಾಗುವುದು 26 ಆಸನ, 2 ಉಸಿರಾಟದ ಕ್ರಮ, 90 ನಿಮಿಷ, ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ, 40 ಶೇಕಡಾ ತೇವಾಂಶದ ಪಾಠ. ಅದರ ಆಸನಗಳ ಮೂಲ ಕೋಲ್ಕತ್ತದ ಬಿಷ್ಣು ಚರಣ್ ಘೋಷ್ ಅವರ ವ್ಯಾಯಾಮ ಪರಂಪರೆ. ಕೋಣೆ ಕಾಯಿಸುವ ಪದ್ಧತಿಗೆ ಹೆಸರು ಬಂದದ್ದು 1970ರ ದಶಕದ ನಂತರ, ಅಮೆರಿಕದಲ್ಲಿ. 40 ಡಿಗ್ರಿಗೆ ಶಾಸ್ತ್ರದ ಕಟ್ಟಳೆಯೇನೂ ಇಲ್ಲ. ಮನೆಯಲ್ಲಿ ಅಥವಾ ಸಣ್ಣ ಕೇಂದ್ರದಲ್ಲಿ ಮಾಡುವವರಿಗೆ 34ರಿಂದ 37 ಡಿಗ್ರಿ, 60 ನಿಮಿಷ ಧಾರಾಳ ಸಾಕು.

ನಿಯಮಿತ ಅಭ್ಯಾಸದಿಂದ ಮೊದಲು ಕಾಣುವುದು ಮೈಯ ಸಡಿಲ. ಬೆಚ್ಚಗಾದ ಸ್ನಾಯು, ಸ್ನಾಯುಬಂಧಗಳು ಸುಲಭವಾಗಿ ಹಿಗ್ಗುತ್ತವೆ, ಸೆಳೆತವನ್ನು ತಾಳುವ ಶಕ್ತಿಯೂ ಹೆಚ್ಚುತ್ತದೆ. ಎರಡನೆಯದು, ದೇಹ ಶಾಖಕ್ಕೆ ಹೊಂದಿಕೊಳ್ಳುವುದು. ದಿನವೂ ಅಥವಾ ದಿನ ಬಿಟ್ಟು ದಿನ ಶಾಖದಲ್ಲಿ ಮೈ ದಂಡಿಸಿದರೆ ಒಂದೆರಡು ವಾರದಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಇಳಿಯುತ್ತದೆ. ವಾರಕ್ಕೆ ಎರಡು ಮೂರು ದಿನ ಮಾಡುವವರಲ್ಲಿ ಇದೇ ಬದಲಾವಣೆ ನಿಧಾನವಾಗಿ ಬರುತ್ತದೆ. ಕಡೂರು, ಅರಸೀಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಓಡಾಡಬೇಕಾದವರಿಗೆ ಇದು ನೇರ ಉಪಯೋಗ. ಇದರ ಜೊತೆಗೆ ಒಂಟಿಕಾಲಿನ ಆಸನಗಳಿಂದ ಸಮತೋಲನ, ಕಾಲಿನ ಬಲ ಬರುತ್ತವೆ. ಇವಕ್ಕೆ ಶಾಖ ಬೇಕೆಂದೇನಿಲ್ಲ.

ಮನಸ್ಸಿನ ವಿಷಯದಲ್ಲಿ ಒಂದು ಒಳ್ಳೆಯ ಅಧ್ಯಯನವಿದೆ. 2023ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಪ್ರಕಟವಾದ ಅದರಲ್ಲಿ, ಮಧ್ಯಮ ಅಥವಾ ತೀವ್ರ ಖಿನ್ನತೆಯಿದ್ದವರು 8 ವಾರ ಹಾಟ್ ಯೋಗ ಮಾಡಿದರು. ವಾರಕ್ಕೆ ಎರಡು ತರಗತಿ ಎಂದು ಹೇಳಿದ್ದರೂ ಸರಾಸರಿ ಒಬ್ಬರು ಬಂದದ್ದು ಒಟ್ಟು ಹತ್ತು ತರಗತಿಗೆ. ಅಷ್ಟಕ್ಕೇ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಇಳಿದವು. ಹೋಲಿಕೆಗೆ ಇದ್ದದ್ದು ಇನ್ನೂ ಸರದಿಗೆ ಕಾಯುತ್ತಿದ್ದ ಗುಂಪು. ಹಾಗಾಗಿ ಇದರಲ್ಲಿ ಶಾಖದ ಪಾಲೆಷ್ಟು, ಯೋಗದ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ರಕ್ತನಾಳಗಳ ವಿಷಯದಲ್ಲಿ ಆ ಬೇರ್ಪಡಿಸುವ ಕೆಲಸ ಆಗಿದೆ. 2018ರ ಟೆಕ್ಸಸ್ ಅಧ್ಯಯನದಲ್ಲಿ ಅವೇ 26 ಆಸನಗಳನ್ನು ಒಂದು ಗುಂಪು 40 ಡಿಗ್ರಿಯಲ್ಲಿ, ಇನ್ನೊಂದು 23 ಡಿಗ್ರಿಯಲ್ಲಿ 12 ವಾರ ಮಾಡಿತು. ಕೋಣೆ ಕಾಯಿಸದೆ ಮಾಡಿದವರ ರಕ್ತನಾಳಗಳೂ ಚೆನ್ನಾಗಿ ಹಿಗ್ಗುವಂತಾದವು. ಶಾಖದಿಂದ ಹೆಚ್ಚಿನದೇನೂ ಸಿಗಲಿಲ್ಲ.

ಇನ್ನು ಸಿಗದ ಲಾಭಗಳು. ‘ಬೆವರಿನಲ್ಲಿ ವಿಷ ಹೊರಗೆ ಹೋಗುತ್ತದೆ’ ಎನ್ನುವುದು ತಪ್ಪು. ಬೆವರು ಬಹುಪಾಲು ನೀರು, ಸ್ವಲ್ಪ ಉಪ್ಪು. ಕಲ್ಮಶ ಕಳೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು, ಅವಕ್ಕೆ ಬೇಕಾದ್ದು ನೀರು. ಅದನ್ನೇ ಮೈಯಿಂದ ಹಿಂಡಿ ತೆಗೆದರೆ ಅವುಗಳ ಕೆಲಸ ಕಷ್ಟವಾಗುತ್ತದೆ. ತರಗತಿ ಮುಗಿದ ಕೂಡಲೇ ತೂಕದ ಯಂತ್ರದಲ್ಲಿ ಕಾಣುವ ಒಂದು ಕಿಲೋ ಇಳಿಕೆ ಎಂದರೆ ಒಂದು ಲೀಟರ್ ಬೆವರು, ಸಂಜೆಯೊಳಗೆ ವಾಪಸ್ ಬರುತ್ತದೆ, ಬರಲೇಬೇಕು. 90 ನಿಮಿಷದ ಪೂರ್ಣ ಪಾಠದಲ್ಲಿ ಖರ್ಚಾಗುವ ಶಕ್ತಿ ಹೆಂಗಸರಿಗೆ ಸುಮಾರು 330, ಗಂಡಸರಿಗೆ 460 ಕ್ಯಾಲರಿ. ಅಷ್ಟೇ ಹೊತ್ತು ಚುರುಕಾಗಿ ನಡೆದರೂ ಹೆಚ್ಚುಕಡಿಮೆ ಇಷ್ಟೇ. ತೂಕ ಇಳಿಸುವುದೊಂದೇ ಗುರಿಯಾದವರು ಇದಕ್ಕೆ ಖರ್ಚು ಮಾಡಬೇಕಿಲ್ಲ.

ಕೋಣೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ತೊಂದರೆ ಹುಟ್ಟುವುದು ಅಲ್ಲಿ. ಬೆವರು ಮೈಯನ್ನು ತಣಿಸುವುದು ಆರಿದಾಗ ಮಾತ್ರ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕ್ಯಾಲರಿ ಶಾಖ ಮೈಯಿಂದ ಹೋಗುತ್ತದೆ. ಚಾಪೆಯ ಮೇಲೆ ತೊಟ್ಟಿಕ್ಕಿದ ಬೆವರಿನಿಂದ ತಂಪೇನೂ ಸಿಗುವುದಿಲ್ಲ, ನೀರು ನಷ್ಟ ಅಷ್ಟೆ. ಆದ್ದರಿಂದ 38 ಡಿಗ್ರಿಯ ಒಣ ಕೋಣೆಗಿಂತ 34 ಡಿಗ್ರಿಯ, 80 ಶೇಕಡಾ ತೇವಾಂಶದ ಕೋಣೆ ದೇಹಕ್ಕೆ ಹೆಚ್ಚು ಕಷ್ಟ. ಥರ್ಮಾಮೀಟರ್ ಒಂದನ್ನೇ ನೋಡಿದರೆ ಇದು ತಿಳಿಯುವುದಿಲ್ಲ. ತೇವಾಂಶವನ್ನೂ ತೋರಿಸುವ ಮೀಟರ್ ಬೇಕು. ಅದನ್ನು ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಬಾರದು. ಬಿಸಿ ಗಾಳಿ ಮೇಲೇರುವುದರಿಂದ ಚಾಪೆಯ ಮಟ್ಟಕ್ಕೂ ನಿಂತವರ ತಲೆಯ ಮಟ್ಟಕ್ಕೂ ಕೆಲವು ಡಿಗ್ರಿಗಳ ವ್ಯತ್ಯಾಸ ಇರುತ್ತದೆ. ನಿಂತಾಗ ತಲೆ ಬರುವ ಎತ್ತರದಲ್ಲಿ ಅಳೆಯಿರಿ, ಮಿತಿಯನ್ನು ಅದಕ್ಕೇ ಹಾಕಿಕೊಳ್ಳಿ.

ಮಳೆಗಾಲದಲ್ಲಿ ಹೊರಗಿನ ಗಾಳಿ ಒದ್ದೆಯಾಗಿದೆ ಎಂದು ಕೋಣೆಯೂ ಒದ್ದೆ ಆಗಬೇಕಿಲ್ಲ. ಹೊರಗೆ 20 ಡಿಗ್ರಿ, 90 ಶೇಕಡಾ ತೇವಾಂಶ ಇದ್ದರೆ, ಅದೇ ಗಾಳಿಯನ್ನು 38 ಡಿಗ್ರಿಗೆ ಕಾಯಿಸಿದಾಗ ತೇವಾಂಶ ಸುಮಾರು 33 ಶೇಕಡಾಕ್ಕೆ ಇಳಿಯುತ್ತದೆ. ಕಾದ ಗಾಳಿ ಹೆಚ್ಚು ಆವಿಯನ್ನು ಹಿಡಿಯಬಲ್ಲದು, ಕಾರಣ ಇಷ್ಟೇ. ಕೋಣೆಯನ್ನು ಒದ್ದೆ ಮಾಡುವುದು ಒಳಗಿರುವ ಮನುಷ್ಯರ ಬೆವರು. 10 ಅಡಿ, 12 ಅಡಿ, 9 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 30 ಘನಮೀಟರ್ ಗಾಳಿ ಇರುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಒಬ್ಬರ ಅರ್ಧ ಲೀಟರ್ ಬೆವರು ಆರುವುದರಿಂದಲೇ ಅಲ್ಲಿನ ತೇವಾಂಶ ಇಮ್ಮಡಿಯಾಗುತ್ತದೆ. ಮೂರು ಜನ ಇದ್ದರೆ ಗಾಜಿನ ಮೇಲೆ ನೀರು ಇಳಿಯಲು ಶುರು. ಆದ್ದರಿಂದ ಕಿಟಕಿಯ ಮೇಲ್ಭಾಗ ಒಂದೆರಡು ಇಂಚು ತೆರೆದಿರಲಿ, ಹದಿನೈದು ನಿಮಿಷಕ್ಕೊಮ್ಮೆ ಬಾಗಿಲನ್ನೂ ಒಂದು ನಿಮಿಷ ತೆರೆಯಿರಿ. ಮೀಟರ್ 55 ಶೇಕಡಾ ದಾಟಿದರೆ ಹೀಟರ್ ಆರಿಸಿ. ಹಬೆ ಯಂತ್ರ ಮಳೆಗಾಲದಲ್ಲಿ ಬೇಡವೇ ಬೇಡ. ಜನವರಿಯ ಲೆಕ್ಕ ಬೇರೆ. ಹೊರಗೆ 15 ಡಿಗ್ರಿಯ ಒಣಗಾಳಿ ಇದ್ದಾಗ ಕಾಯಿಸಿದ ಕೋಣೆಯ ತೇವಾಂಶ 20 ಶೇಕಡಾಕ್ಕೂ ಕೆಳಗೆ ಹೋಗಿ ಗಂಟಲು, ಮೂಗು ಉರಿಯುತ್ತದೆ. ಆಗ ಒಂದು ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹರವಿದರೆ ಸಾಕು.

ಕಾಯಿಸುವುದು ಹೇಗೆ? ಅಗ್ಗಿಷ್ಟಿಕೆಯಲ್ಲಿ ಕೆಂಡ ತಂದಿಟ್ಟು ಬಾಗಿಲು ಹಾಕಿಕೊಳ್ಳುವ ಯೋಚನೆ ಯಾರಿಗೂ ಬರದಿರಲಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆ ಇಲ್ಲ. ತಲೆನೋವು, ಮಂಪರು ಬಂದಾಗ ‘ಶಾಖಕ್ಕೆ ಹೀಗಾಗಿದೆ’ ಎಂದುಕೊಂಡು ಅಲ್ಲೇ ಮಲಗಿದವರು ಏಳುವುದಿಲ್ಲ. ಗ್ಯಾಸ್ ಹೀಟರಿಗೂ ಇದೇ ಮಾತು. ವಿದ್ಯುತ್ತಿನದ್ದೇ ಆಗಲಿ. ಕೆಂಪಗೆ ಕಾಯುವ ಕಾಯಿಲ್ ಹೀಟರ್ ಎದುರಿನ ಒಂದು ಮಗ್ಗುಲನ್ನು ಸುಡುತ್ತದೆ, ಟವೆಲ್ ತಾಗಿದರೆ ಬೆಂಕಿ. ಎಣ್ಣೆ ತುಂಬಿದ ರೇಡಿಯೇಟರ್ ನಿಧಾನವಾದರೂ ಕೋಣೆಯನ್ನು ಸಮನಾಗಿ ಕಾಯಿಸುತ್ತದೆ. 2000 ವಾಟ್‌ನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು ಮೊಬೈಲ್ ಚಾರ್ಜರಿನ ಸಣ್ಣ ಪ್ಲಗ್ಗಿಗೋ ಎಕ್ಸ್‌ಟೆನ್ಷನ್ ಬಾಕ್ಸಿಗೋ ಹಾಕಿದರೆ ಪ್ಲಗ್ ಕರಗುತ್ತದೆ. ಗೀಸರಿಗೆ ಕೊಡುವಂಥ 16 ಆಂಪಿಯರ್ ಪಾಯಿಂಟ್, ಅರ್ತಿಂಗ್ ಎರಡೂ ಬೇಕು. ಹೆಂಚಿನ ಮನೆಯಲ್ಲಿ ಶಾಖ ಸಂದಿಗಳಿಂದ ಸೋರುತ್ತದೆ. ಮುಚ್ಚಿಗೆ ಇರುವ ಸಣ್ಣ ಕೋಣೆ ಆರಿಸಿಕೊಂಡು ಮುಕ್ಕಾಲು ಗಂಟೆ ಮೊದಲೇ ಹಾಕಿಡಿ.

ಮೊದಲ ವಾರ 32 ಡಿಗ್ರಿ, 30 ನಿಮಿಷ. ಎರಡನೆಯ ವಾರ 34 ಡಿಗ್ರಿ, 40 ನಿಮಿಷ. ಒಂದು ಗಂಟೆಗೆ ಬರುವುದು ನಾಲ್ಕನೆಯ ವಾರದಲ್ಲಿ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಒಳಗೆ ಹೋದವರು ಮೊದಲ ಐದು ನಿಮಿಷ ಸುಮ್ಮನೆ ಕುಳಿತು ಮೂಗಿನಲ್ಲೇ ಉಸಿರಾಡಲಿ. ಆಮೇಲೆ ಅರ್ಧಚಂದ್ರಾಸನ, ಉತ್ಕಟಾಸನ, ವೃಕ್ಷಾಸನ, ತ್ರಿಕೋಣಾಸನ ನಿಂತು. ಎರಡು ನಿಮಿಷ ಶವಾಸನ. ನಂತರ ಭುಜಂಗಾಸನ, ಶಲಭಾಸನ, ಶಶಾಂಕಾಸನ, ಕುಳಿತ ತಿರುಚು. ಕೊನೆಗೆ ಹೀಟರ್ ಆರಿಸಿ ಏಳೆಂಟು ನಿಮಿಷ ಶವಾಸನ. ಭಸ್ತ್ರಿಕೆಯಂಥ ರಭಸದ ಉಸಿರಾಟವನ್ನು ಬಿಸಿ ಕೋಣೆಯಲ್ಲಿ ಮಾಡಬಾರದು, ತಲೆ ಹಗುರಾಗಿ ಬೀಳುವ ಸಂಭವ ಹೆಚ್ಚು.

ಗಾಯಗಳಾಗುವುದು ಹೆಚ್ಚಾಗಿ ಎರಡು ಕಡೆ. ಒಂದು, ತೊಡೆಯ ಹಿಂಭಾಗದ ಸ್ನಾಯು ಕೂರುವ ಮೂಳೆಗೆ ಅಂಟುವ ಜಾಗ. ಬಿಸಿಯಲ್ಲಿ ಮೈ ಕೊಡುವ ಎಚ್ಚರಿಕೆ ತಡವಾಗಿ ಕೇಳುತ್ತದೆ. ಇವತ್ತು ಎರಡು ಇಂಚು ಹೆಚ್ಚು ಬಗ್ಗಿದೆ ಎಂದು ಸಂತೋಷಪಟ್ಟವರಿಗೆ ಮಾರನೆಯ ದಿನ ಕೂತಾಗ ಆ ಮೂಳೆಯಲ್ಲೇ ಚುಚ್ಚುತ್ತದೆ. ಒಮ್ಮೆ ಅದು ಬಂದರೆ ತಿಂಗಳುಗಟ್ಟಲೆ ಇರುತ್ತದೆ. ಮುಂದೆ ಬಗ್ಗುವುದು ಸೊಂಟದ ಕೀಲಿನಿಂದ, ಬೆನ್ನು ಗೂನು ಮಾಡಿ ಅಲ್ಲ. ಹೋಗಬಲ್ಲ ದೂರದ 80 ಶೇಕಡಾದಲ್ಲಿ ನಿಲ್ಲಿ. ಎರಡನೆಯದು ಮಂಡಿ. ಒಂಟಿಕಾಲಿನಲ್ಲಿ ನಿಂತಾಗ ‘ಮಂಡಿ ಲಾಕ್ ಮಾಡಿ’ ಎಂದು ಕೆಲವು ಕಡೆ ಹೇಳಿಕೊಡುತ್ತಾರೆ. ಮಂಡಿ ಹಿಂದಕ್ಕೆ ಬಾಗುವಷ್ಟು ಸಡಿಲ ಇರುವವರಿಗೆ ಇದು ಕೆಟ್ಟ ಸಲಹೆ. ತೊಡೆಯ ಮುಂಭಾಗ ಬಿಗಿಹಿಡಿದು ಮಂಡಿಯನ್ನು ಕೂದಲೆಳೆಯಷ್ಟು ಮಡಚಿಡಿ.

ತಲೆಸುತ್ತು ಬರುವ ಗಳಿಗೆಯೂ ಗೊತ್ತಿರುವಂಥದ್ದೇ: ತಲೆ ಕೆಳಗಿರುವ ಆಸನದಿಂದ, ಶವಾಸನದಿಂದ, ಉಷ್ಟ್ರಾಸನದಿಂದ ಏಳುವಾಗ. ಶಾಖಕ್ಕೆ ರಕ್ತ ಚರ್ಮದ ಕಡೆ ಹರಡಿರುತ್ತದೆ, ತಟ್ಟನೆ ಎದ್ದರೆ ಮಿದುಳಿಗೆ ಸಾಕಾಗುವುದಿಲ್ಲ. ಮಗ್ಗುಲಾಗಿ, ಕುಳಿತು, ಐದು ಉಸಿರು ತೆಗೆದುಕೊಂಡು ಏಳಬೇಕು.

ನೀರಿನ ಲೆಕ್ಕಕ್ಕೆ ಮನೆಯ ತೂಕದ ಯಂತ್ರವೇ ಸಾಕು. ತರಗತಿಗೆ ಮೊದಲೂ ನಂತರವೂ ಬೆವರು ಒರೆಸಿಕೊಂಡು ತೂಗಿ. ಕಡಿಮೆಯಾದ ಪ್ರತಿ ಕಿಲೋಗೆ 1.25ರಿಂದ 1.5 ಲೀಟರ್‌ನಂತೆ ಮುಂದಿನ ಮೂರ್ನಾಲ್ಕು ಗಂಟೆಯಲ್ಲಿ ಕುಡಿಯಬೇಕು. ಇಳಿಕೆ ದೇಹದ ತೂಕದ 2 ಶೇಕಡಾ ಮೀರಿದರೆ, 60 ಕಿಲೋದವರಿಗೆ 1.2 ಕಿಲೋ, ಮುಂದಿನ ಸಲ ಶಾಖವನ್ನೋ ಸಮಯವನ್ನೋ ತಗ್ಗಿಸಿ. ಎರಡು ಗಂಟೆ ಮೊದಲು ಎರಡು ಲೋಟ ನೀರು, ನಡುನಡುವೆ ಗುಟುಕು. ಬರೀ ನೀರನ್ನೇ ಎರಡು ಮೂರು ಲೀಟರ್ ಒಂದೇ ಸಲ ಗಟಗಟ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ ಬರುತ್ತದೆ, ಇದನ್ನು ನೀರು ಸಾಲದ್ದೆಂದು ತಿಳಿದು ಇನ್ನಷ್ಟು ಕುಡಿಯುವವರಿದ್ದಾರೆ. ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ಗಂಜಿ ತಿಳಿ ಬಹಳ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಅದಕ್ಕೆ ಚಿಟಿಕೆ ಉಪ್ಪು ಸೇರಿಸಿ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಬೆಳಗಿನ ಒಂದು ಲೋಟ ಕಾಫಿಯಿಂದ ನೀರಿನ ಕೊರತೆ ಆಗುವುದಿಲ್ಲ, ಆದರೆ ಅದು ನೀರಿಗೆ ಬದಲಿಯಲ್ಲ. ಕಡುಬು, ರೊಟ್ಟಿ ತಿಂದಿದ್ದರೆ ಮೂರು ಗಂಟೆ ಬಿಡಿ.

ಮಲೆನಾಡಿನವರಿಗೆ ಕಷ್ಟದ ಮಾತೊಂದಿದೆ. ತರಗತಿ ಮುಗಿದ ಕೂಡಲೇ ಹಂಡೆಯ ಸುಡುನೀರು ಹುಯ್ದುಕೊಳ್ಳಬೇಡಿ. ಮೈಯೊಳಗಿನ ಶಾಖ ಇನ್ನೂ ಇಳಿದಿರುವುದಿಲ್ಲ. ಹಾಗೆಂದು ಒದ್ದೆ ಬಟ್ಟೆಯಲ್ಲೇ ಇಬ್ಬನಿಗೆ ಬೈಕ್ ಹತ್ತುವುದೂ ಬೇಡ. ಬಟ್ಟೆ ಬದಲಿಸಿ, ನಡುಮನೆಯಲ್ಲಿ ಅರ್ಧ ಗಂಟೆ ಕುಳಿತು, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ಮಳೆಗಾಲದಲ್ಲಿ ಒಣಗದ ಚಾಪೆಯೇ ಹುಳುಕಡ್ಡಿಗೆ ದಾರಿ. ಚಾಪೆಯ ಮೇಲೆ ಹತ್ತಿ ಟವೆಲ್ ಹಾಸಿ, ಟವೆಲನ್ನು ಪ್ರತಿ ಸಲ ಒಗೆಯಿರಿ, ಚಾಪೆಯನ್ನು ಸುತ್ತಿಡದೆ ಒಲೆಮನೆಯ ಬಿಸುಪಿನಲ್ಲಿ ತೂಗುಹಾಕಿ. ಚಾಪೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ.

ಗರ್ಭಿಣಿಯರು, ಹೃದ್ರೋಗ ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ಮೂತ್ರಪಿಂಡದ ತೊಂದರೆಯವರು, ಜ್ವರ ಇರುವವರು ಬಿಸಿ ಕೋಣೆಗೆ ಹೋಗಬಾರದು. ಮೂತ್ರ ಹೆಚ್ಚಿಸುವ ಮಾತ್ರೆ, ಎದೆಬಡಿತ ತಗ್ಗಿಸುವ ಮಾತ್ರೆ, ಕೆಲವು ಅಲರ್ಜಿ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಗಳು ದೇಹ ತಣಿಯುವ ದಾರಿಯನ್ನು ತಡೆಯುತ್ತವೆ. ಇನ್ಸುಲಿನ್ ಚುಚ್ಚಿಕೊಂಡವರಿಗೆ ಶಾಖದಲ್ಲಿ ಅದು ಬೇಗ ಹೀರಿಕೊಂಡು ಸಕ್ಕರೆ ತಟ್ಟನೆ ಇಳಿಯಬಹುದು. ಇಂಥವರು ಅದೇ ಆಸನಗಳನ್ನು ಕಾಯಿಸದ ಕೋಣೆಯಲ್ಲಿ ಮಾಡಲಿ, ಹೆಚ್ಚಿನ ಲಾಭ ಅವರಿಗೂ ಸಿಗುತ್ತದೆ. ಇಡೀ ದಿನ ತೋಟದಲ್ಲಿ ಬಿಸಿಲಿಗೆ ಬೆವರಿ ಬಂದವರೂ ಆ ಸಂಜೆ ಹಾಗೆಯೇ ಮಾಡಲಿ.

ತಲೆನೋವು, ಓಕರಿಕೆ, ಮೀನಖಂಡ ಹಿಡಿಯುವುದು, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಹೊರಗೆ ಬರಬೇಕು. ‘ಇನ್ನೊಂದು ಆಸನ ತಡಿ’ ಎಂದು ಗುರುಗಳು ಹೇಳಿದರೂ ನಿಲ್ಲಬಾರದು. ಜಗಲಿಯಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಿ. ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ ಅದು ಶಾಖಾಘಾತ: ಬಾಯಿಗೆ ನೀರು ಹಾಕದೆ, ಮೈಮೇಲೆ ತಣ್ಣೀರು ಹುಯ್ಯುತ್ತಲೇ 108ಕ್ಕೆ ಕರೆ ಮಾಡಿ.

ದೇಹಕ್ಕೆ ಬಂದ ಶಾಖದ ರೂಢಿ ಬಿಟ್ಟರೆ ಎರಡರಿಂದ ನಾಲ್ಕು ವಾರದಲ್ಲಿ ಹೋಗಿಬಿಡುತ್ತದೆ. ಕಾಫಿ ಕೊಯ್ಲೋ ಮನೆಯ ಮದುವೆಯೋ ಬಂದು ತಿಂಗಳು ತಪ್ಪಿದವರು ಹಿಂದೆ ಎಷ್ಟೇ ಅಭ್ಯಾಸ ಇದ್ದರೂ ಮತ್ತೆ 32 ಡಿಗ್ರಿ, 30 ನಿಮಿಷದಿಂದಲೇ ಶುರು ಮಾಡಬೇಕು.