ಎಮರ್ಸನ್: 'ಸೆಲ್ಫ್ ರಿಲಯನ್ಸ್' ಒಂದನ್ನೇ ಓದಿ ನಿಲ್ಲಿಸ್ಬೇಡಿ

ಸ್ವಾವಲಂಬನೆ, ಗೆಳೆತನ, ಚೆನ್ನಾಗಿ ಬಾಳೋದು, ಇವುಗಳ ಬಗ್ಗೆ 19ನೇ ಶತಮಾನದ ಅಮೆರಿಕನ್ ಲೇಖಕ ಎಮರ್ಸನ್ ಏನಂತಾನೆ ಅಂತ ಪರೀಕ್ಷೇಲಿ ಉತ್ತರ ಬರೆಯೋರಿಗೆ ಈ ಟಿಪ್ಪಣಿ. ನಮ್ಮಲ್ಲಿ ಹೆಚ್ಚಿನೋರು ಎಮರ್ಸನ್ ಅಂದ್ರೆ 'ಸೆಲ್ಫ್ ರಿಲಯನ್ಸ್' (ಸ್ವಾವಲಂಬನೆ) ಅನ್ನೋ ಪ್ರಬಂಧ ಓದಿ, ಓಹೋ ಯಾರ ಮಾತೂ ಕೇಳ್ಬೇಡ ಅಂತಿದಾನೆ ಅಂದ್ಕೊಂಡು ಪುಸ್ತಕ ಮುಚ್ಚಿಬಿಡ್ತೀವಿ, ನಾನೂ ಮೊದಲ ಸಲ ಅದೇ ಮಾಡಿದ್ದು. 1841ರ ಅದೇ ಪುಸ್ತಕದಲ್ಲಿ 'ಫ್ರೆಂಡ್‌ಶಿಪ್' ಅಂತಾನೂ ಒಂದು ಪ್ರಬಂಧ ಇದೆ, ಎರಡನ್ನೂ ಒಟ್ಟಿಗೆ ಓದಿದ್ರೇನೇ ಆತನ ಮಾತು ಹಿಡಿತಕ್ಕೆ ಸಿಗೋದು.

ಮೊದ್ಲು, ನಿನ್ನನ್ನ ನೀನು ನಂಬು ಅನ್ನೋ ಆತನ ಮಾತು ಬರೀ ಹಟ ಅಲ್ಲ ಅನ್ನೋದು ನೋಟ್ ಮಾಡ್ಕೊಳ್ಳಿ. ಬೋಸ್ಟನ್‌ನಲ್ಲಿ ಪಾದ್ರಿಯಾಗಿದ್ದೋನು, ಚರ್ಚಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚೋ ಪ್ರಭುಭೋಜನದ ವಿಧಿಯಲ್ಲಿ ನಂಬಿಕೆ ಉಳಿದಿಲ್ಲ, ಸುಮ್ನೆ ನಡೆಸೋಕಾಗಲ್ಲ ಅಂತ 1832ರಲ್ಲಿ ಕೆಲಸಾನೇ ಬಿಟ್ಟ. 1838ರಲ್ಲಿ ಹಾರ್ವರ್ಡ್‌ನಲ್ಲಿ ಚರ್ಚಿನ ಸಂಪ್ರದಾಯವನ್ನ ಟೀಕಿಸಿ ಮಾಡಿದ ಭಾಷಣಕ್ಕೆ ಹೆಚ್ಚುಕಮ್ಮಿ 30 ವರ್ಷ ಅಲ್ಲಿಂದ ಮತ್ತೆ ಕರೆ ಬರ್ಲಿಲ್ಲ. ಇನ್ನೊಂದು, ನಿನ್ನನ್ನ ನೀನು ನಂಬು ಅನ್ನೋದಕ್ಕೆ ಆತ ಕೊಡೋ ಕಾರಣ ಎಲ್ಲರೊಳಗೂ ಇರೋದು ಒಂದೇ ಚೈತನ್ಯ ಅಂತ. ನಮಗೆ ತಕ್ಷಣ ಉಪನಿಷತ್ತು ನೆನಪಾಗತ್ತೆ ನಿಜ, ಆದ್ರೆ ಗೀತೆ ಓದಿ ಇದನ್ನ ಬರೆದ ಅಂತ ಬರೀಬೇಡಿ, ಆತ ಗೀತೆ ಓದಿದ್ದು 1845ರಲ್ಲಿ, ಆತನ 'ಬ್ರಹ್ಮ' ಪದ್ಯ ಬಂದಿದ್ದು 1857ರಲ್ಲಿ.

ಈಗ ಗೆಳೆತನ. ಅದಕ್ಕೆ ಬೇಕಾಗಿದ್ದು ಎರಡು, ಸತ್ಯ ಮತ್ತೆ ಅಕ್ಕರೆ ಅಂತಾನೆ. ಗೆಳೆಯನ ಮಾತಿಗೆ ಪ್ರತಿಧ್ವನಿ ಆಗೋದಕ್ಕಿಂತ ಪಕ್ಕೆಗೆ ತಾಗೋ ತುರಿಕೆ ಸೊಪ್ಪಾಗಿರು ಅಂತಾನೂ ಅಂತಾನೆ, ಅಂದ್ರೆ ಕೋಲೆಬಸವನ ಥರ ತಲೆ ಆಡಿಸೋನು ಇವನ ಲೆಕ್ಕದಲ್ಲಿ ಫ್ರೆಂಡೇ ಅಲ್ಲ. ತನ್ನ ಕಾಲ ಮೇಲೆ ನಿಲ್ಲೋಕಾಗದವನಿಗೆ ಗೆಳೆಯ ಆಗೋಕೂ ಆಗಲ್ಲ, ಎರಡು ಪ್ರಬಂಧಕ್ಕೂ ಕೊಂಡಿ ಇಲ್ಲೇ ಇರೋದು.

ಉದಾಹರಣೆಗೆ ಆತನ ಗೆಳೆಯ, 'ವಾಲ್ಡನ್' ಬರೆದ ಲೇಖಕ ಥೋರೋನ ತಗೊಳ್ಳಿ. ತನಗಿಂತ 14 ವರ್ಷ ಚಿಕ್ಕೋನನ್ನ ಮನೇಲಿ ಇಟ್ಕೊಂಡ, 1845ರಲ್ಲಿ ಥೋರೋ ಗುಡಿಸಲು ಕಟ್ಟಿದ ವಾಲ್ಡನ್ ಕೊಳದ ದಡದ ಜಾಗಾನೂ ಎಮರ್ಸನ್‌ದೇ. ಅಂಥೋನು 1862ರಲ್ಲಿ ತೀರ್ಕೊಂಡಾಗ ಮಾಡಿದ ಭಾಷಣದಲ್ಲೂ, ಇಡೀ ಅಮೆರಿಕಾಕ್ಕೆ ಕೆಲಸ ಮಾಡಬಹುದಾಗಿದ್ದೋನು ಕಾಡುಹಣ್ಣು ಕೀಳೋ ಗುಂಪಿಗೆ ಕ್ಯಾಪ್ಟನ್ ಆದ ಅಂತ ಹೇಳೇಬಿಟ್ಟ! ಸಾವಿನ ಮನೇಲಿ ಇಷ್ಟು ಬೇಕಿತ್ತಾ ಅಂತ ನನಗೆ ಈಗ್ಲೂ ಅನ್ಸತ್ತೆ.

ಚೆನ್ನಾಗಿ ಬಾಳೋದರ ಬಗ್ಗೆ ಕೇಳಿದ್ರೆ 1844ರ 'ಎಕ್ಸ್‌ಪೀರಿಯನ್ಸ್' ಪ್ರಬಂಧ ನೋಡಿ. ದಾರಿಯ ಪ್ರತಿ ಹೆಜ್ಜೇಲೂ ಪಯಣದ ಕೊನೆ ಕಾಣೋದು, ಆದಷ್ಟು ಹೆಚ್ಚು ಒಳ್ಳೇ ಗಳಿಗೆಗಳನ್ನ ಬದುಕೋದೇ ವಿವೇಕ ಅಂತಾನೆ. ಇದನ್ನ ಬರೆದಿದ್ದು ಐದು ವರ್ಷದ ಮಗನನ್ನ 1842ರಲ್ಲಿ ಕಳ್ಕೊಂಡ ಅಪ್ಪ, ಅದೇ ಪ್ರಬಂಧದಲ್ಲಿ ದುಃಖ ನನಗೇನೂ ಕಲಿಸ್ತಿಲ್ಲವಲ್ಲ ಅಂತ ಕೊರಗ್ತಾನೆ.

ವಾಟ್ಸಾಪಲ್ಲಿ ಓಡಾಡೋ 'ಯಶಸ್ಸು ಅಂದ್ರೆ ಆಗಾಗ ನಗೋದು' ಅನ್ನೋ ಸಾಲುಗಳನ್ನ ಮಾತ್ರ ಉತ್ತರದಲ್ಲಿ ಹಾಕ್ಬೇಡಿ, ಅದು ಎಮರ್ಸನ್‌ದಲ್ಲ, 20ನೇ ಶತಮಾನದ ಶುರುವಿನಲ್ಲಿ ಕಾನ್ಸಸ್‌ನ ಬೆಸ್ಸಿ ಸ್ಟ್ಯಾನ್ಲಿ ಬರೆದಿದ್ದರಿಂದ ಹುಟ್ಟಿದ್ದು.