ಕ್ಲೀಷೆ: ಸವೆದ ಮಾತಿನ ಪರಿಚಯ

ಯಾವ ಊರಿನ ಗಣ್ಯರು ತೀರಿಕೊಂಡರೂ ಮರುದಿನದ ಪತ್ರಿಕೆಯಲ್ಲಿ ಅವರ ಅಗಲಿಕೆ ‘ತುಂಬಲಾರದ ನಷ್ಟ’ವಾಗಿರುತ್ತದೆ. ಬರೆದವರಿಗೆ ದುಃಖವಿಲ್ಲವೆಂದಲ್ಲ. ಆದರೆ ಓದುವ ಕಣ್ಣು ಆ ಎರಡು ಪದಗಳ ಮೇಲೆ ನಿಲ್ಲದೆ ಮುಂದೆ ಸರಿಯುತ್ತದೆ. ತೀರಿಕೊಂಡವರು ಊರಿನ ಕೆರೆಯ ಹೂಳೆತ್ತಿಸಲು ಮನೆಮನೆ ತಿರುಗಿದವರು ಎಂದು ಬರೆದರೆ ಅದೇ ಕಣ್ಣು ನಿಲ್ಲುತ್ತದೆ. ಹೀಗೆ ಅತಿಬಳಕೆಯಿಂದ ಕಸುವು ಕಳೆದುಕೊಂಡ ಮಾತನ್ನು, ಉಪಮೆಯನ್ನು, ಕಥೆಯ ತಿರುವನ್ನು ವಿಮರ್ಶೆಯಲ್ಲಿ ‘ಕ್ಲೀಷೆ’ ಎನ್ನುತ್ತಾರೆ. ಕನ್ನಡದ ‘ಸವಕಲು ಮಾತು’ ಇದೇ ಅರ್ಥದ್ದು.

ಪದ ಬಂದದ್ದು ಫ್ರೆಂಚ್ ಅಚ್ಚುಕೂಟದಿಂದ. ಅಕ್ಷರದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲದಲ್ಲಿ ಮರುಮುದ್ರಣವೆಂದರೆ ಅಷ್ಟೂ ಮೊಳೆಗಳನ್ನು ಮತ್ತೆ ಜೋಡಿಸುವ ಕೆಲಸ. ಅದನ್ನು ತಪ್ಪಿಸಲು, ಜೋಡಿಸಿಟ್ಟ ಪುಟದ ಪಡಿಯಚ್ಚು ತೆಗೆದು ಇಡೀ ಪುಟವನ್ನು ಲೋಹದ ಒಂದೇ ಫಲಕವಾಗಿ ಎರಕ ಹೊಯ್ಯುವ ವಿಧಾನ ಬಂದಿತು. ಆ ಫಲಕವೇ ಕ್ಲೀಷೆ. ಪಡಿಯಚ್ಚು ಕರಗಿದ ಲೋಹಕ್ಕೆ ಬಡಿಯುವಾಗಿನ ಸದ್ದಿನಿಂದ ಈ ಹೆಸರು ಹುಟ್ಟಿತೆನ್ನುತ್ತಾರೆ. ಸಿದ್ಧ ಅಚ್ಚಿನ ಗ್ರಹಿಕೆಗೆ ಇಂದು ಬಳಸುವ ‘ಸ್ಟೀರಿಯೊಟೈಪ್’ ಎಂಬ ಪದವೂ ಇದೇ ಕಸುಬಿನದು. ಪ್ಯಾರಿಸ್ಸಿನ ಮುದ್ರಕ ಫಿರ್ಮೆ ದಿದೋ 1795ರಲ್ಲಿ ದೊಡ್ಡ ಲೆಕ್ಕಗಳನ್ನು ಸುಲಭ ಮಾಡುವ ಲಾಗರಿದಮ್ ಕೋಷ್ಟಕಗಳನ್ನು ಸ್ಟೀರಿಯೊಟೈಪ್ ವಿಧಾನದಲ್ಲಿ ಅಚ್ಚು ಹಾಕಿದ. ಒಮ್ಮೆ ತಿದ್ದಿ ಸರಿಮಾಡಿದ ಅಂಕಿ ಮತ್ತೆ ಕದಲಬಾರದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ಅಂಕಿಗಳ ಮಟ್ಟಿಗೆ ಅದು ವರವೇ. ಸಾವು, ಮಳೆ, ಪ್ರೀತಿಗಳು ಹಾಗಲ್ಲ. ಪ್ರತಿ ಸಲವೂ ಬೇರೆಯಾಗಿ ಬರುತ್ತವೆ. ಅವುಗಳಿಗೂ ಒಂದೇ ಫಲಕ ಒತ್ತಿದಾಗ ಮಾತು ಸಾಯುತ್ತದೆ. 19ನೆಯ ಶತಮಾನದಲ್ಲಿ ಫ್ರೆಂಚರು ಈ ಪದವನ್ನು ಮಾತಿಗೂ ಹಚ್ಚಿದರು.

ನಮ್ಮ ಸುದ್ದಿಭಾಷೆಯಲ್ಲಿ ಈ ಫಲಕಗಳು ಬೇಕಾದಷ್ಟಿವೆ. ಆಕ್ರಂದನ ಯಾವಾಗಲೂ ಮುಗಿಲು ಮುಟ್ಟುತ್ತದೆ, ಜನಸಾಗರ ಹರಿದು ಬರುತ್ತದೆ, ಪೊಲೀಸರು ಬಲೆ ಬೀಸುತ್ತಾರೆ, ಸಚಿವ ಸಂಪುಟ ಹಸಿರು ನಿಶಾನೆ ತೋರುತ್ತದೆ. ‘ಸಮರೋಪಾದಿಯಲ್ಲಿ’ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಯುದ್ಧ ಬಂದಾಗ ಊಟ ನಿದ್ದೆ ಬಿಟ್ಟು, ಇದ್ದ ಬಲವನ್ನೆಲ್ಲ ಒಂದೇ ಕಡೆ ಹಾಕುವ ಹಾಗೆ ಎಂಬುದು ಅದರ ಅರ್ಥ. ನೆರೆಯಲ್ಲಿ ಮುಳುಗಿದ ಊರಿಗೆ ರಾತ್ರೋರಾತ್ರಿ ದೋಣಿ ತಂದ ಕೆಲಸಕ್ಕೆ ಅದು ಸರಿಯಾಗಿ ಒಪ್ಪುತ್ತದೆ. ಚರಂಡಿ ದುರಸ್ತಿ, ಗುಂಡಿ ಮುಚ್ಚುವುದು, ಮತಪಟ್ಟಿ ಪರಿಷ್ಕರಣೆ ಎಲ್ಲವೂ ಸಮರೋಪಾದಿಯಲ್ಲಿ ನಡೆಯತೊಡಗಿದ ಮೇಲೆ, ನಿಜವಾಗಿ ಜೀವದ ಹಂಗು ತೊರೆದು ದುಡಿದವರ ಬಗ್ಗೆ ಹೇಳಲು ನಮ್ಮ ಬಳಿ ಪದ ಉಳಿಯಲಿಲ್ಲ. ಸವಕಲು ಮಾತಿನ ನಿಜವಾದ ಹಾನಿ ಇದು. ಓದುಗನಿಗೆ ಬೇಸರ ತರುವುದು ಸಣ್ಣ ತಪ್ಪು.

ಹಾಗೆಂದು ಪದೇ ಪದೇ ಕೇಳುವ ಮಾತೆಲ್ಲ ಕ್ಲೀಷೆಯಲ್ಲ. ಕಾಗದದ ಮೇಲ್ತುದಿಯ ‘ಉಭಯ ಕುಶಲೋಪರಿ ಸಾಂಪ್ರತ’, ಲಗ್ನಪತ್ರಿಕೆಯ ‘ಗುರುಹಿರಿಯರು ನಿಶ್ಚಯಿಸಿದಂತೆ’, ಬೀಳ್ಕೊಡುವಾಗಿನ ‘ಹೋಗಿ ಬನ್ನಿ’ ಇವು ಬದಲಾಗದೆ ಇರುವುದರಲ್ಲೇ ಒಂದು ನೆಮ್ಮದಿಯಿದೆ. ಇವು ಏನನ್ನೂ ಬಣ್ಣಿಸಲು ಹೊರಟಿಲ್ಲ. ಮರ್ಯಾದೆ ಸಲ್ಲಿಸುತ್ತವೆ, ಅಷ್ಟೆ. ಗಾದೆಯೂ ಹಾಗೆಯೇ, ಸಂದರ್ಭ ಒದಗಿದಾಗ ಮತ್ತೆ ಚುರುಕಾಗುತ್ತದೆ. ‘ಚರ್ವಿತ ಚರ್ವಣ’ಕ್ಕೂ ಕ್ಲೀಷೆಗೂ ನಂಟಿದ್ದರೂ, ಅಗಿದದ್ದನ್ನೇ ಅಗಿಯುವುದು ಎಂಬ ಆ ಮಾತು ಹೇಳಿದ ವಿಷಯವನ್ನೇ ಮತ್ತೆ ಹೇಳುವುದಕ್ಕೆ ಸಲ್ಲುತ್ತದೆ. ಕ್ಲೀಷೆ ನುಡಿಗಟ್ಟಿನ ರೋಗ.

ಇನ್ನು ಕವಿಸಮಯದ, ಎಂದರೆ ಲೋಕದಲ್ಲಿ ನಿಜವಲ್ಲದಿದ್ದರೂ ಕವಿಗಳು ತಮ್ಮೊಳಗೆ ಒಪ್ಪಿಕೊಂಡು ಬಂದ ಕಲ್ಪನೆಗಳ ಮಾತು. ಚಕೋರ ಪಕ್ಷಿ ಬೆಳದಿಂಗಳನ್ನು ಕುಡಿಯುತ್ತದೆ, ಹಂಸ ಹಾಲು ನೀರನ್ನು ಬೇರ್ಪಡಿಸುತ್ತದೆ ಎಂಬ ಇಂಥ ಒಪ್ಪಂದಗಳನ್ನು ಸಂಸ್ಕೃತ ಕವಿ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ವಿವರವಾಗಿ ಚರ್ಚಿಸಿದ್ದಾನೆ. ನೂರಾರು ವರ್ಷ ಸಾವಿರಾರು ಕವಿಗಳು ಬಳಸಿದರೂ ಅವನ್ನು ಒಟ್ಟಾಗಿ ಕ್ಲೀಷೆ ಎಂದು ತಳ್ಳಿಹಾಕುವುದು ಅನ್ಯಾಯ. ಒಳ್ಳೆಯ ಕವಿಗೆ ಅವು ರಾಗದ ಆರೋಹಣ ಅವರೋಹಣ ಇದ್ದಂತೆ. ಹಾಡು ಅಲ್ಲಿಂದ ಮುಂದಿನದು. ಆರೋಹಣವನ್ನೇ ಹಾಡೆಂದು ಒಪ್ಪಿಸಿದವರ ಕೈಯಲ್ಲಿ ಚಕೋರವೂ ಸವೆದುಹೋಯಿತು.

ಸವೆತದ ಅರಿವು ನಮ್ಮ ಕವಿಗಳಿಗೆ ಹೊಸದೇನಲ್ಲ. ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲೇ ‘ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ’ ಎಂದ. ರಾಮಾಯಣ ಬರೆದವರ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕುತ್ತಿದ್ದಾನೆ, ಅಲ್ಲಿ ಕಾಲಿಡಲೂ ತೆರಪಿಲ್ಲ ಎಂದು. ಆದರೆ ಅವನು ಹಿಡಿದ ಭಾರತವೂ ಪಂಪ, ರನ್ನರು ಆಗಲೇ ನಡೆದ ದಾರಿ. ಹಳೆಯ ಕಥೆ ಅವನಿಗೆ ಅಡ್ಡಿಯಾಗಲಿಲ್ಲ, ಏಕೆಂದರೆ ಮಾತು ಅವನದೇ ಆಗಿತ್ತು. ಅದಕ್ಕಾಗಿಯೇ ಅವನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದು ಬಂದಿತು. ಆ ಬಿರುದು ಈಗ ಪರೀಕ್ಷೆಗೆ ಬಾಯಿಪಾಠ ಮಾಡುವ ಉತ್ತರವಾಗಿರುವುದು ನನಗೆ ನೋವಿನ ಸಂಗತಿ. ಅದನ್ನು ಬರೆಯಿಸುವ ಮೇಷ್ಟ್ರು ಅದರ ಜೊತೆಗೆ ಅವನ ಒಂದು ಚಿತ್ರವನ್ನಾದರೂ ಮಕ್ಕಳಿಗೆ ಓದಿ ಹೇಳಲಿ. ತಿಣುಕುವ ಆದಿಶೇಷನಿಂದಲೇ ಶುರುಮಾಡಬಹುದು.